ನಾಲ್ಕು ಪದಕದ ಹೆಲಿಕಾಪ್ಟರೂ, ಇಪ್ಪತ್ತೊಂಬತ್ತು ಹೆಣದ ಲೆಕ್ಕವೂ

ಅಂಗಡಿ ನಡೆಸುವ ಯಾರನ್ನಾದರೂ ಕೇಳಿರಿ: ಜಮೆಯ ಮಗ್ಗುಲನ್ನಷ್ಟೇ ತೋರಿಸಿ ಖರ್ಚಿನ ಮಗ್ಗುಲಿಗೆ ಅಂಗೈ ಅಡ್ಡ ಹಿಡಿಯುವ ಗುಮಾಸ್ತನನ್ನು ಏನೆಂದು ಕರೆಯುತ್ತೀರಿ? ಗಿರಣಿಯಲ್ಲಿ ದುಡಿಯುವ ಯಾರನ್ನಾದರೂ ಕೇಳಿರಿ: ಉತ್ಪಾದನೆ ಏರಿದ ತಿಂಗಳು ಹಾರ ಯಾರ ಕೊರಳಿಗೆ? ಬೆಲ್ಟು ಹರಿದು ಕೈ ಹೋದ ದಿನ ತಪ್ಪು ಯಾರ ತಲೆಗೆ? ಹಾರ ಮ್ಯಾನೇಜರನಿಗೆ, ಕೈ ಕಳೆದುಕೊಂಡವನಿಗೆ 'ಕೆಲಸಗಾರನ ಅಜಾಗರೂಕತೆ' ಎಂಬ ಷರಾ. ಇದು ನಮ್ಮ ಊರುಗಳ ಕರ್ಮವೆಂದು ನಾವು ತಿಳಿದಿದ್ದೆವು. ಅಲ್ಲ, ಬಂಧುಗಳೇ. ಸಾವಿರಾರು ಮೈಲಿ ಆಚೆಯ ದೊಡ್ಡ ಸರಕಾರವೊಂದು ಇದೇ ಲೆಕ್ಕವನ್ನು ಬರೆದು, ಅದರ ಜಮೆಯ ಮಗ್ಗುಲನ್ನು ಮಾತ್ರ ವಸ್ತುಸಂಗ್ರಹಾಲಯದಲ್ಲಿಟ್ಟಿದೆ.

ಇಂಗ್ಲೆಂಡಿನ ಕಾಸ್‌ಫೋರ್ಡ್ ಎಂಬಲ್ಲಿ ಆ ದೇಶದ ವಿಮಾನಪಡೆಯ ವಸ್ತುಸಂಗ್ರಹಾಲಯವಿದೆ. 2022ರ ಮಾರ್ಚಿ ತಿಂಗಳಲ್ಲಿ ಅಲ್ಲಿ ಒಂದು ಮುದಿ ಹೆಲಿಕಾಪ್ಟರನ್ನು ನಿಲ್ಲಿಸಿದರು. ಜಾತಿ ಚಿನೂಕ್, ತಲೆಯ ಮೇಲೊಂದು ಬಾಲದ ಮೇಲೊಂದು ರೆಕ್ಕೆಚಕ್ರವಿರುವ, ಲಾರಿಯಂತೆ ಹೇರು ಹೊರುವ ಯಂತ್ರ. ನಂಬರು ಜೆಡ್‌ಎ 718. ಮೈಮೇಲೆ ಬರೆದ ಬಿ, ಎನ್ ಎಂಬ ಎರಡಕ್ಷರಗಳಿಂದ ಬಂದ ಹೆಸರು 'ಬ್ರಾವೊ ನವೆಂಬರ್'. 1982ರಿಂದ ನಲವತ್ತು ವರ್ಷ ದುಡಿಯಿತು. ಅದನ್ನು ಹಾರಿಸಿದ ನಾಲ್ವರಿಗೆ ನಾಲ್ಕು ಬೇರೆ ಬೇರೆ ಸಂದರ್ಭಗಳಲ್ಲಿ 'ಡಿಸ್ಟಿಂಗ್ವಿಶ್ಡ್ ಫ್ಲೈಯಿಂಗ್ ಕ್ರಾಸ್' ಎಂಬ ಶೌರ್ಯಪದಕ ಬಂದಿತು. ಮಕ್ಕಳನ್ನು ಕರೆತಂದು ತೋರಿಸುತ್ತಾರೆ. ಪದಕ ಪಡೆದವರ ಧೈರ್ಯದ ಮೇಲೆ ನಮಗೆ ತಕರಾರಿಲ್ಲ. ನಮ್ಮ ತಕರಾರು ಲೆಕ್ಕ ಬರೆದವರ ಮೇಲೆ.

ಹಡಗಿನ ಹಮಾಲಿ

ಮೊದಲು ಜಮೆಯನ್ನೇ ನೋಡೋಣ. 1982ರ ಏಪ್ರಿಲ್ 2ರಂದು ಅರ್ಜೆಂಟೀನದ ಸೇನಾ ಸರ್ವಾಧಿಕಾರಿಗಳು, ಸ್ವದೇಶದಲ್ಲಿ ಜನರ ಸಿಟ್ಟು ಏರುತ್ತಿದ್ದುದನ್ನು ಕಂಡು, ದಕ್ಷಿಣ ಅಟ್ಲಾಂಟಿಕದ ಫಾಕ್‌ಲೆಂಡ್ ದ್ವೀಪಗಳನ್ನು ಆಕ್ರಮಿಸಿದರು. ಲಂಡನ್ನಿನಲ್ಲಿ ಶ್ರೀಮತಿ ಥ್ಯಾಚರ್ ಅವರ ಸರಕಾರ. ಅದಕ್ಕೂ ಜನರ ಸಿಟ್ಟಿನ ಬಿಸಿ ತಟ್ಟಿತ್ತು. ಎಂಟು ಸಾವಿರ ಮೈಲಿ ದೂರಕ್ಕೆ ನೌಕಾಪಡೆ ಹೊರಟಿತು.

ಆ ಹಡಗುಗಳನ್ನು ಸಜ್ಜು ಮಾಡಿದವರು ಯಾರು? ಹಿಂದಿನ ವರ್ಷವಷ್ಟೇ, 1981ರಲ್ಲಿ, ಅದೇ ಸರಕಾರ ಚಾಥಮ್ ಹಡಗುಕಟ್ಟೆಯನ್ನು ಮುಚ್ಚುವುದಾಗಿಯೂ ಪೋರ್ಟ್ಸ್‌ಮತ್ ಕಟ್ಟೆಯನ್ನು ಕುಗ್ಗಿಸುವುದಾಗಿಯೂ ಸಾರಿತ್ತು. ಪೋರ್ಟ್ಸ್‌ಮತ್ತಿನ ಕೆಲಸಗಾರರು ಕೆಲಸ ಕಳೆದುಕೊಳ್ಳುವ ನೋಟೀಸನ್ನು ಜೇಬಿನಲ್ಲಿಟ್ಟುಕೊಂಡೇ ಹಗಲಿರುಳು ಬೆಸುಗೆ ಹಾಕಿದರು. ಯುದ್ಧ ಗೆದ್ದಾಯಿತು, 1984ರಲ್ಲಿ ಚಾಥಮ್ ಕಟ್ಟೆಗೆ ಬೀಗ ಬಿತ್ತು. ಅದೇ ವರ್ಷ ಗಣಿ ಕಾರ್ಮಿಕರು ಮುಷ್ಕರ ಹೂಡಿದಾಗ, ಫಾಕ್‌ಲೆಂಡಿನಲ್ಲಿ ಹೊರಗಿನ ಶತ್ರುವನ್ನು ಎದುರಿಸಿದೆವು, ಈಗ ಒಳಗಿನ ಶತ್ರು ಎಂದು ಪ್ರಧಾನಿಯೇ ತಮ್ಮ ಪಕ್ಷದ ಸದಸ್ಯರಿಗೆ ಹೇಳಿದರು. ಸಂಗ್ರಹಾಲಯದ ಯಾವ ಪದಕದ ಹಿಂಬದಿಯಲ್ಲಿ ಇದನ್ನು ಕೆತ್ತಿದ್ದಾರೆ?

ಸೈನ್ಯದ ಸಾಮಾನು ಸಾಗಿಸಲು ಯುದ್ಧನೌಕೆಗಳು ಸಾಲಲಿಲ್ಲ. ವ್ಯಾಪಾರದ ಹಡಗುಗಳನ್ನು ಹಿಡಿದು ಹಚ್ಚಿದರು. 'ಅಟ್ಲಾಂಟಿಕ್ ಕನ್ವೇಯರ್' ಅಂಥದೊಂದು ಸರಕು ಹಡಗು. ಡೇರೆ, ಸಾಮಾನು, ಹೆಲಿಕಾಪ್ಟರು ಎಲ್ಲವನ್ನೂ ಅದರ ಮೇಲೆ ಹೇರಿದರು. ಆದರೆ ಕ್ಷಿಪಣಿಯಿಂದ ತಪ್ಪಿಸಿಕೊಳ್ಳುವ ಸಾಧನವನ್ನು ಮಾತ್ರ ಅದಕ್ಕೆ ಅಳವಡಿಸಲಿಲ್ಲ. ಯುದ್ಧದ ಹೇರು ಹೊರಬೇಕು, ಯುದ್ಧದ ರಕ್ಷಣೆ ಕೇಳಬಾರದು! ಮೇ 25ರಂದು ಎಕ್ಸೊಸೆಟ್ ಕ್ಷಿಪಣಿ ಬಡಿಯಿತು. ಹಡಗು ಹೊತ್ತಿ ಉರಿಯಿತು. ಹನ್ನೆರಡು ಜನ ಸತ್ತರು. ಅವರಲ್ಲಿ ಅರ್ಧದಷ್ಟು ಮಂದಿ ಸೈನಿಕರಲ್ಲ, ಸಂಬಳಕ್ಕೆ ಹಡಗು ನಡೆಸುವ ನಾವಿಕರು. ಹಡಗಿನ ಕಪ್ತಾನ ಇಯನ್ ನಾರ್ತ್ ಕೂಡ ಉಳಿಯಲಿಲ್ಲ. ಮೂರು ಚಿನೂಕುಗಳು ಸುಟ್ಟುಹೋದವು. ಆ ಗಳಿಗೆಯಲ್ಲಿ ಆಕಾಶದಲ್ಲಿದ್ದ ಒಂದೇ ಒಂದು ಚಿನೂಕ್ ಬದುಕಿತು. ಅದೇ ಬ್ರಾವೊ ನವೆಂಬರ್.

ಹೇರು ಹೊರುವ ಯಂತ್ರಗಳು ಸುಟ್ಟ ಮೇಲೆ ಹೇರು ಎಲ್ಲಿಗೆ ಹೋಗುತ್ತದೆ? ಮನುಷ್ಯನ ಬೆನ್ನಿಗೆ. ಆ ಚಳಿಯಲ್ಲಿ, ಜೌಗು ನೆಲದಲ್ಲಿ, ಸೈನಿಕರು ಮೂಟೆ ಹೊತ್ತು ಐವತ್ತಕ್ಕೂ ಹೆಚ್ಚು ಮೈಲಿ ನಡೆದರು. ಉಳಿದ ಒಂದು ಚಿನೂಕಿನ ಬಿಡಿಭಾಗ, ಹತಾರು, ಕೈಪಿಡಿ ಎಲ್ಲ ಹಡಗಿನೊಂದಿಗೇ ಹೋಗಿದ್ದವು. ಬೆರಳೆಣಿಕೆಯ ಮೆಕ್ಯಾನಿಕ್ಕುಗಳು ಬರಿಗೈಯಲ್ಲಿ ಅದನ್ನು ಹಾರುವಂತೆ ಇಟ್ಟರು. ಸ್ಪ್ಯಾನರು ಇಲ್ಲದೆ ಯಂತ್ರ ನಡೆಸುವ ಕಷ್ಟ ನಮ್ಮ ಫಿಟ್ಟರುಗಳಿಗೆ ಗೊತ್ತು. ಅವರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮೇ 30ರ ರಾತ್ರಿ ಕೆಂಟ್ ಬೆಟ್ಟಕ್ಕೆ ಫಿರಂಗಿಗಳನ್ನು ಇಳಿಸಿ ಹಿಂದಿರುಗುವಾಗ ಹಿಮದ ಮಳೆಯಲ್ಲಿ ಕಣ್ಣು ಕಾಣದೆ ಯಂತ್ರ ಸಮುದ್ರದ ನೀರಿಗೇ ಬಡಿದು ಮತ್ತೆ ಮೇಲೆದ್ದಿತು. ನಡೆಸುತ್ತಿದ್ದ ಸ್ಕ್ವಾಡ್ರನ್ ಲೀಡರ್ ಡಿಕ್ ಲಾಂಗ್‌ವರ್ದಿಗೆ ಮೊದಲ ಪದಕ. ಜೂನ್ 2ರಂದು ನಲವತ್ತರ ಆಸುಪಾಸು ಜನ ಕುಳಿತುಕೊಳ್ಳುವ ಜಾಗದಲ್ಲಿ 81 ಸೈನಿಕರನ್ನು ನಿಲ್ಲಿಸಿಕೊಂಡು ಒಂದೇ ಸಾರಿ ಫಿಟ್ಸ್‌ರಾಯ್ ಊರಿಗೆ ಸಾಗಿಸಿತು. ಯುದ್ಧ ಮುಗಿಯುವ ಹೊತ್ತಿಗೆ ಸುಮಾರು 1,500 ಸೈನಿಕರನ್ನೂ ಸುಮಾರು 600 ಟನ್ ಸಾಮಾನನ್ನೂ ಹೊತ್ತಿತ್ತು. ನೂರಾರು ಅರ್ಜೆಂಟೀನ ಕೈದಿಗಳನ್ನೂ ಸಾಗಿಸಿತ್ತು. ಆ ಕೈದಿಗಳಲ್ಲಿ ಅನೇಕರು ಕಡ್ಡಾಯ ಭರ್ತಿಯಾಗಿ ಬಂದ, ಮೀಸೆ ಚಿಗುರದ ಹುಡುಗರು. ಅರ್ಜೆಂಟೀನದವರು 649 ಜನ, ಬ್ರಿಟಿಷರು 255 ಜನ, ದ್ವೀಪದವರು ಮೂವರು ಸತ್ತರು. ಎರಡು ಸರಕಾರಗಳ ಜಗಳಕ್ಕೆ ತೆತ್ತ ಬೆಲೆ ಇದು.

ಒಂದು ಮಾತು ನೆನಪಿಡಬೇಕು. ಆ 'ಕ್ರಾಸ್' ಪದಕ 1993ರವರೆಗೆ ಅಧಿಕಾರಿ ಹಾಗೂ ವಾರಂಟ್ ದರ್ಜೆಯವರಿಗೆ ಮಾತ್ರ ಮೀಸಲು. ಸಾರ್ಜೆಂಟು ಮೊದಲಾದ ಕೆಳದರ್ಜೆಯವರಿಗೆ ಬೇರೊಂದು, ಕಡಿಮೆ ಅಂತಸ್ತಿನ ಪದಕ. ಅದೇ ಆಕಾಶ, ಅದೇ ಗುಂಡು, ಅದೇ ಸಾವು. ಪದಕಕ್ಕೆ ಮಾತ್ರ ಪಂಕ್ತಿಭೇದ!

ಉಳಿದ ಮೂರು ಪದಕಗಳು

ಎರಡನೆಯ ಪದಕ ಇರಾಕಿನದು. 2003ರ ಮಾರ್ಚಿ 20ರ ರಾತ್ರಿ ಅಲ್-ಫಾವ್ ದಂಡೆಯ ಮೇಲೆ ಸೈನಿಕರನ್ನು ಇಳಿಸಿದ್ದಕ್ಕೆ ಸ್ಕ್ವಾಡ್ರನ್ ಲೀಡರ್ ಸ್ಟೀವ್ ಕಾರ್ ಅವರಿಗೆ. ಯಾವ ಮಾರಕಾಸ್ತ್ರಗಳ ಹೆಸರಿನಲ್ಲಿ ಆ ಯುದ್ಧ ಹೂಡಿದರೋ ಆ ಅಸ್ತ್ರಗಳು ಸಿಗಲೇ ಇಲ್ಲ. ಶಾಂತಿಯ ದಾರಿಗಳು ಮುಗಿಯುವ ಮೊದಲೇ ಯುದ್ಧಕ್ಕೆ ಇಳಿದರೆಂದು 2016ರಲ್ಲಿ ಚಿಲ್ಕಾಟ್ ವಿಚಾರಣೆಯ ವರದಿಯೇ ಹೇಳಿತು. ಇಳಿಸಿದವನಿಗೆ ಪದಕ ಬಂತು, ಸರಿ; ಕಳಿಸಿದವರಿಗೆ ಏನು ಬಂತು?

ಮೂರನೆಯದು, ನಾಲ್ಕನೆಯದು ಆಫ್ಘಾನಿಸ್ತಾನದವು. 2006ರಲ್ಲಿ ಹೆಲ್ಮಂಡ್ ಪ್ರಾಂತದ ಕತ್ತಲಲ್ಲಿ ಗಾಯಾಳುವನ್ನು ಎತ್ತಿ ತಂದ ಕ್ರೇಗ್ ವಿಲ್ಸನ್. 2010ರ ಜನವರಿಯಲ್ಲಿ ಶಿರಸ್ತ್ರಾಣಕ್ಕೆ ಗುಂಡು ಬಡಿದು ಮುಖದಲ್ಲಿ ರಕ್ತ ಸುರಿಯುತ್ತಿದ್ದರೂ ಗಾಯಾಳುಗಳನ್ನು ಮುಟ್ಟಿಸಿದ ಇಯನ್ ಫಾರ್ಚೂನ್. ಇವರಿಗೆ ಕೈಮುಗಿಯಬೇಕು. ಆದರೆ 457 ಬ್ರಿಟಿಷ್ ಸೈನಿಕರೂ ಲೆಕ್ಕಕ್ಕೆ ಸಿಗದಷ್ಟು ಆಫ್ಘನ್ ಬಡವರೂ ಸತ್ತ ಆ ಯುದ್ಧದ ಕೊನೆಗೆ, 2021ರ ಆಗಸ್ಟ್ 15ರಂದು, ಕಾಬೂಲು ಮತ್ತೆ ತಾಲಿಬಾನಿಗಳ ಕೈ ಸೇರಿತೆಂಬುದನ್ನು ಕೈಮುಗಿದ ಮೇಲೂ ಕೇಳಬೇಕಾಗುತ್ತದೆ.

ಇನ್ನು ಹೆಸರು. ಅಮೆರಿಕದ ಸೈನ್ಯಕ್ಕೆ ತನ್ನ ಹೆಲಿಕಾಪ್ಟರುಗಳಿಗೆ ಅಲ್ಲಿಯ ಮೂಲನಿವಾಸಿಗಳ ಹೆಸರಿಡುವ ಹವ್ಯಾಸ. ಕೊಲಂಬಿಯಾ ನದಿಯ ಮುಖದಲ್ಲಿ ಬಾಳಿದ ಚಿನೂಕ್ ಜನರ ಹೆಸರು ಈ ಯಂತ್ರಕ್ಕೆ ಬಂತು. ಆ ಜನರೊಂದಿಗೆ 1851ರಲ್ಲಿ ಮಾಡಿಕೊಂಡ ಒಪ್ಪಂದವನ್ನು ಅಮೆರಿಕದ ಸೆನೆಟ್ ಎಂದೂ ಸ್ಥಿರಪಡಿಸಲಿಲ್ಲ. 2001ರ ಜನವರಿಯಲ್ಲಿ ಅವರನ್ನು ಬುಡಕಟ್ಟೆಂದು ಅಲ್ಲಿಯ ಸರಕಾರ ಒಪ್ಪಿಕೊಂಡಿತು; 2002ರ ಜುಲೈಯಲ್ಲಿ ಆ ಒಪ್ಪಿಗೆಯನ್ನು ಕಿತ್ತುಕೊಂಡಿತು. ಹೆಸರು ಬೇಕು, ಜನ ಬೇಡ. ಇದೂ ಖರ್ಚಿನ ಮಗ್ಗುಲಿನದೇ.

ಬೆಟ್ಟಕ್ಕೆ ಬಡಿದ ತಂಗಿ

ಈಗ ಅಂಗೈ ಅಡ್ಡ ಹಿಡಿದ ಮುಖ್ಯ ಪುಟಕ್ಕೆ ಬರೋಣ. ಬ್ರಾವೊ ನವೆಂಬರಿಗೆ ಒಬ್ಬ ತಂಗಿಯಿದ್ದಳು: ಜೆಡ್‌ಡಿ 576. ಅದೇ ಕಾರ್ಖಾನೆಯ, ಅದೇ ಪಡೆಯ ಚಿನೂಕ್. 1990ರ ದಶಕದ ಮೊದಲಲ್ಲಿ ಬ್ರಿಟನ್ ತನ್ನ ಚಿನೂಕುಗಳಿಗೆಲ್ಲ ಹೊಸ ರೂಪ ಕೊಟ್ಟಿತು. ಇಂಜಿನ್ನಿಗೆ ಎಷ್ಟು ಎಣ್ಣೆ ಹೋಗಬೇಕೆಂಬುದನ್ನು ಗಣಕಯಂತ್ರವೇ ತೀರ್ಮಾನಿಸುವ 'ಫೇಡೆಕ್' ಎಂಬ ವ್ಯವಸ್ಥೆಯನ್ನು ಕೂಡಿಸಿದರು. ಅಕ್ಕನಿಗೂ ಅದೇ ಬಂತು, ತಂಗಿಗೂ ಅದೇ.

ಈ ವ್ಯವಸ್ಥೆಯ ಮೇಲೆ ಮೊದಲಿನಿಂದಲೂ ಸಂಶಯವಿತ್ತು. 1989ರಲ್ಲಿ ಅಮೆರಿಕದಲ್ಲಿ ನೆಲದ ಮೇಲೆ ಪರೀಕ್ಷೆ ನಡೆಸುವಾಗ ಇಂಜಿನ್ ಹದ್ದುಮೀರಿ ತಿರುಗಿ ಒಂದು ಚಿನೂಕ್ ಜಖಂಗೊಂಡಿತು. ಬ್ರಿಟಿಷ್ ಸರಕಾರ ತಯಾರಕರ ಮೇಲೆ ದಾವೆ ಹೂಡಿ ಪರಿಹಾರ ವಸೂಲು ಮಾಡಿತು. ಆಮೇಲೆ ಆ ಗಣಕದ ಸೂತ್ರಗಳನ್ನು ಪರೀಕ್ಷಿಸಲು ಕೊಟ್ಟಾಗ, ಪರೀಕ್ಷಕರು ಐದರಲ್ಲೊಂದು ಪಾಲನ್ನೂ ಮುಗಿಸುವ ಮೊದಲೇ 486 ಅಸಂಗತಿಗಳನ್ನು ಕಂಡು ಕೆಲಸ ನಿಲ್ಲಿಸಿದರು. 1994ರ ಜೂನ್ 1ರಂದು, ಬಾಸ್ಕಂಬ್ ಡೌನಿನಲ್ಲಿರುವ ಸರಕಾರದ್ದೇ ಪರೀಕ್ಷಾ ಕೇಂದ್ರ, ಈ ಹೊಸ ಮಾದರಿಯನ್ನು ಇನ್ನು ಹಾರಿಸುವುದಿಲ್ಲವೆಂದು ನಿಲ್ಲಿಸಿಬಿಟ್ಟಿತು.

ಮಾರನೆಯ ದಿನ, ಜೂನ್ 2ರ ಸಂಜೆ, ಜೆಡ್‌ಡಿ 576 ಉತ್ತರ ಐರ್ಲೆಂಡಿನಿಂದ ಸ್ಕಾಟ್‌ಲೆಂಡಿಗೆ 25 ಜನ ಗುಪ್ತಚಾರ ಹಾಗೂ ಪೋಲೀಸ್ ಅಧಿಕಾರಿಗಳನ್ನು ಹೊತ್ತು ಹೊರಟಿತು. ನಾಲ್ವರು ಸಿಬ್ಬಂದಿ. ಮಂಜು ಕವಿದ ಮಲ್ ಆಫ್ ಕಿಂಟೈರ್ ಬೆಟ್ಟಕ್ಕೆ ಬಡಿಯಿತು. ಇಪ್ಪತ್ತೊಂಬತ್ತು ಜನರಲ್ಲಿ ಒಬ್ಬರೂ ಉಳಿಯಲಿಲ್ಲ. ಕೊನೆಯ ಗಳಿಗೆಯ ಮಾತನ್ನು ದಾಖಲಿಸುವ ಪೆಟ್ಟಿಗೆಯೂ ಅದರಲ್ಲಿರಲಿಲ್ಲ.

ಪರೀಕ್ಷೆ ಮಾಡುವವರು ಹತ್ತಲೊಲ್ಲದ ಯಂತ್ರಕ್ಕೆ ಇಪ್ಪತ್ತೊಂಬತ್ತು ಜನರನ್ನು ಹತ್ತಿಸಿದವರು ಯಾರೆಂದು ನೀವು ಕೇಳುತ್ತೀರಿ. ಸೇನೆಯ ದೊಡ್ಡವರು ಅದನ್ನು ಕೇಳಲಿಲ್ಲ. ತನಿಖೆಗೆ ಕುಳಿತ ಮಂಡಳಿ ಸತ್ತ ಪೈಲಟರ ಮೇಲೆ ನಿರ್ಲಕ್ಷ್ಯದ ತಪ್ಪನ್ನು ಹೊರಿಸಿರಲಿಲ್ಲ. 1995ರಲ್ಲಿ ಮೇಲಿನ ಇಬ್ಬರು ಏರ್ ಮಾರ್ಷಲರು, ಜಾನ್ ಡೇ ಹಾಗೂ ವಿಲಿಯಂ ರ‍್ಯಾಟನ್, ಮಂಡಳಿಯ ಮಾತನ್ನು ಬದಿಗೊತ್ತಿ, ಪೈಲಟರಾದ ಜೊನಾಥನ್ ಟ್ಯಾಪರ್ ಮತ್ತು ರಿಚರ್ಡ್ ಕುಕ್ ಅವರದು 'ಘೋರ ನಿರ್ಲಕ್ಷ್ಯ' ಎಂದು ತೀರ್ಪಿತ್ತರು. ಸತ್ತವನ ಮೇಲೆ ನಿರ್ಲಕ್ಷ್ಯ ಹೊರಿಸಬೇಕಾದರೆ ಎಳ್ಳಷ್ಟೂ ಸಂಶಯವಿರಬಾರದು ಎಂದು ಅವರ ಪಡೆಯ ನಿಯಮವೇ ಹೇಳುತ್ತಿತ್ತು. ಎಳ್ಳಷ್ಟೇನು, ಮೂಟೆಯಷ್ಟು ಸಂಶಯವಿದ್ದರೂ ತೀರ್ಪು ಬಂತು. ಏಕೆ? ಹೆಣ ಎದ್ದು ಬಂದು ಜಬಾಬು ಕೊಡುವುದಿಲ್ಲ. ಅತ್ತೆ ಒಡೆದರೆ ಹಳೆಯ ಗಡಿಗೆ, ಸೊಸೆ ಒಡೆದರೆ ಹೊಸ ಗಡಿಗೆ. ಸೊಸೆ ಸತ್ತೇಹೋಗಿದ್ದರೆ ಅತ್ತೆಗೆ ಇನ್ನೂ ಅನುಕೂಲ.

ನಾವು ನ್ಯಾಯವಾಗಿಯೇ ಹೇಳಬೇಕು: ಆ ಗಣಕದ ದೋಷದಿಂದಲೇ ಯಂತ್ರ ಬಿತ್ತೆಂದು ಯಾರೂ ಸಿದ್ಧಪಡಿಸಿಲ್ಲ. ಬಿದ್ದ ಕಾರಣವನ್ನು ಖಚಿತವಾಗಿ ಹೇಳಲಾಗದೆಂಬುದೇ ಸತ್ಯ. ಆದರೆ ಕಾರಣ ತಿಳಿಯದಿದ್ದಾಗ ತಪ್ಪನ್ನು ಕೈಗೆಟುಕಿದವನ ಕೊರಳಿಗೆ ಕಟ್ಟುವುದು ನ್ಯಾಯವಲ್ಲ, ಧಣಿತನ.

ಸತ್ತವರ ತಂದೆತಾಯಿಗಳು ಸುಮ್ಮನೆ ಕೂಡಲಿಲ್ಲ. 1996ರಲ್ಲಿ ಸ್ಕಾಟ್‌ಲೆಂಡಿನ ನ್ಯಾಯಾಧೀಶನು ವಿಚಾರಣೆ ನಡೆಸಿ ಪೈಲಟರ ತಪ್ಪು ಸಿದ್ಧವಾಗಿಲ್ಲವೆಂದನು. 2000ದಲ್ಲಿ ಪಾರ್ಲಿಮೆಂಟಿನ ಲೆಕ್ಕಪತ್ರ ಸಮಿತಿ ತೀರ್ಪನ್ನು ರದ್ದು ಮಾಡಿರೆಂದಿತು. 2002ರಲ್ಲಿ ಲಾರ್ಡ್ಸ್ ಸಭೆಯ ಸಮಿತಿ ಒಮ್ಮತದಿಂದ ಅದೇ ಮಾತನ್ನು ಹೇಳಿತು. ಸರಕಾರ ಬದಲಾಯಿತು, ಪಕ್ಷ ಬದಲಾಯಿತು, ಮಂತ್ರಿಗಳು ಬದಲಾದರು, ಷರಾ ಬದಲಾಗಲಿಲ್ಲ. ಕೊನೆಗೆ 2011ರ ಜುಲೈ 13ರಂದು ಲಾರ್ಡ್ ಫಿಲಿಪ್ ಅವರ ಪರಿಶೀಲನೆಯ ಮೇಲೆ ತೀರ್ಪನ್ನು ಅಳಿಸಿ ರಕ್ಷಣಾಮಂತ್ರಿ ಲಿಯಾಮ್ ಫಾಕ್ಸ್ ಕ್ಷಮೆ ಬೇಡಿದರು. ಅಷ್ಟರಲ್ಲಿ ಹದಿನಾರು ವರ್ಷ ಸಂದಿದ್ದವು. ಹದಿನಾರು ವರ್ಷ ಇಬ್ಬರು ಸತ್ತ ದುಡಿಮೆಗಾರರ ಹೆಸರು ಕೊಲೆಗಡುಕರ ಹೆಸರಿನಂತೆ ದಾಖಲೆಯಲ್ಲಿತ್ತು. ಅದೇ ಹದಿನಾರು ವರ್ಷಗಳಲ್ಲಿ ಅಕ್ಕನಿಗೆ ಮೂರು ಪದಕ ಬಂದವು!

ಕಥೆ ಅಲ್ಲಿಗೂ ಮುಗಿಯಲಿಲ್ಲ. ಈ ಅಪಘಾತದ ಕೆಲವು ಕಡತಗಳನ್ನು ನೂರು ವರ್ಷ, ಅಂದರೆ 2094ರವರೆಗೆ, ಮೊಹರು ಹಾಕಿ ಇಟ್ಟಿರುವ ಸಂಗತಿ ಮೂವತ್ತು ವರ್ಷ ಕಳೆದ ಮೇಲೆ ಸತ್ತವರ ಮಕ್ಕಳ ಕಿವಿಗೆ ಬಿತ್ತು. ಖಾಸಗಿ ವ್ಯಕ್ತಿಗಳ ಮಾಹಿತಿ ರಕ್ಷಿಸಲು ಎಂಬುದು ಇಲಾಖೆಯ ಉತ್ತರ. ನ್ಯಾಯಾಧೀಶರ ಮುಂದೆ ಹೊಸ ವಿಚಾರಣೆ ನಡೆಯಲಿ ಎಂದು ಮಕ್ಕಳು ಕೇಳಿದರು. ತಂದೆ ಏಕೆ ಸತ್ತನೆಂದು ತಿಳಿಯಲು ಮಗ ಎಷ್ಟು ವರ್ಷ ಬದುಕಬೇಕು?

ತಪ್ಪಿಗೆ ತಲೆ ಯಾವುದು?

ಕೆಳಗಿನವನ ತಪ್ಪಿಗೆ ಇಷ್ಟು ಶಿಕ್ಷೆಯಾದರೆ ಮೇಲಿನವರ ತಪ್ಪಿಗೆ ಎಷ್ಟಿರಬೇಕು? ಅದಕ್ಕೂ ಒಂದು ನಿದರ್ಶನ ಚಿನೂಕಿನಲ್ಲೇ ಉಂಟು. 1995ರಲ್ಲಿ, ಪೈಲಟರ ಮೇಲೆ ತೀರ್ಪು ಬಂದ ಅದೇ ವರ್ಷ, ಬ್ರಿಟಿಷ್ ರಕ್ಷಣಾ ಇಲಾಖೆ ವಿಶೇಷ ಕೆಲಸಕ್ಕೆಂದು ಎಂಟು ಹೊಸ ಚಿನೂಕುಗಳಿಗೆ ಆರ್ಡರು ಕೊಟ್ಟಿತು. ಬೆಲೆ ಸುಮಾರು 25 ಕೋಟಿ 90 ಲಕ್ಷ ಪೌಂಡು. 2001ರಲ್ಲಿ ಅವು ಬಂದವು. ಬಂದ ಮೇಲೆ ನೋಡಿದರೆ, ಅವುಗಳ ಗಣಕದ ಸೂತ್ರಗಳು ಸುರಕ್ಷಿತವೆಂದು ಪ್ರಮಾಣೀಕರಿಸುವ ದಾರಿಯೇ ಇಲ್ಲ. ಪರೀಕ್ಷಿಸುವ ಹಕ್ಕನ್ನು ಖರೀದಿಯ ಕರಾರಿನಲ್ಲಿ ಬರೆಸಿಕೊಂಡೇ ಇರಲಿಲ್ಲ. ಮೋಡವಿಲ್ಲದ ದಿನ ಮಾತ್ರ ಹಾರುವ ಯುದ್ಧಯಂತ್ರ! ಎಂಟೂ ವರ್ಷಗಟ್ಟಲೆ ಕೊಟ್ಟಿಗೆಯಲ್ಲಿ ಧೂಳು ತಿಂದವು. ಅವನ್ನು ಸರಿಪಡಿಸುವ ಖರ್ಚೂ ಸೇರಿ ಲೆಕ್ಕ 42 ಕೋಟಿ ಪೌಂಡನ್ನು ಮೀರಿತೆಂದು 2008ರಲ್ಲಿ ಅಲ್ಲಿಯ ಲೆಕ್ಕ ತಪಾಸಣಾ ಕಚೇರಿ ಹೇಳಿತು. ಅತ್ತ ಹೆಲ್ಮಂಡಿನಲ್ಲಿ ಹೆಲಿಕಾಪ್ಟರಿನ ಕೊರತೆ; ಬ್ರಾವೊ ನವೆಂಬರಿನಂಥ ಹಳೆಯವೇ ಹಗಲಿರುಳು ದುಡಿದವು.

ನಮ್ಮ ಕಿರಾಣಿ ವ್ಯಾಪಾರಿಯೊಬ್ಬ ತಕ್ಕಡಿ ಪರೀಕ್ಷಿಸದೆ ಖರೀದಿಸಿದರೆ ನಷ್ಟ ಅವನ ಗಂಟಿನಿಂದಲೇ. ತೂಕದಲ್ಲಿ ಗುಲಗಂಜಿ ವ್ಯತ್ಯಾಸವಾದರೆ ಇನ್‌ಸ್ಪೆಕ್ಟರು ಬಂದು ದಂಡ ಹಾಕುತ್ತಾನೆ. ಎಂಟು ಹೆಲಿಕಾಪ್ಟರುಗಳನ್ನು ಪರೀಕ್ಷಿಸದೆ ಕೊಂಡವರ ಮೇಲೆ 'ಘೋರ ನಿರ್ಲಕ್ಷ್ಯ' ಎಂಬ ಷರಾವನ್ನು ಯಾವ ಏರ್ ಮಾರ್ಷಲ್ ಬರೆದನು?

ಇದು ಪರದೇಶದ ಪಂಚಾಯಿತಿ, ನಮಗೇಕೆ ಎನ್ನುವವರು ಒಂದು ಕ್ಷಣ ನಿಲ್ಲಲಿ. ಅದೇ ಚಿನೂಕಿನ ಹೊಸ ಮಾದರಿಯ ಹದಿನೈದು ಯಂತ್ರಗಳಿಗೆ ಭಾರತ ಸರಕಾರ 2015ರಲ್ಲಿ ಕರಾರು ಮಾಡಿಕೊಂಡಿತು. 2019ರ ಮಾರ್ಚಿಯಲ್ಲಿ ಚಂಡೀಗಢದಲ್ಲಿ ಮೊದಲಿನವು ನಮ್ಮ ವಾಯುಪಡೆ ಸೇರಿದವು. ಚಿನೂಕಿನ ಹಿಂಬದಿಯ ಕಂಬವನ್ನೂ ಸಾಮಾನು ಹೇರುವ ಬಾಗಿಲನ್ನೂ ಬೆಂಗಳೂರಿನ ಕಾರ್ಖಾನೆಯಲ್ಲಿ ನಮ್ಮವರ ಕೈಗಳೇ ಮಾಡಿವೆ. ಹಾರಿಸುವವರು ನಮ್ಮ ಹುಡುಗರು, ಕಟ್ಟುವವರು ನಮ್ಮ ಕೆಲಸಗಾರರು, ಹಣ ಕೊಡುವವರು ಬೆಂಕಿಪೊಟ್ಟಣದ ಮೇಲೂ ತೆರಿಗೆ ತೆರುವ ನಾವೆಲ್ಲ. ಹಾಗಿರುವಾಗ ಲೆಕ್ಕದ ಎರಡೂ ಮಗ್ಗುಲನ್ನು ನೋಡುವ ಹಕ್ಕೂ ನಮ್ಮದೇ. ಯಂತ್ರ ಬಿದ್ದಾಗ ಮೊದಲು ಕೊಂಡವರನ್ನು ಕೇಳಬೇಕು, ಪರೀಕ್ಷಿಸಿದವರ ಮಾತನ್ನು ಯಾರು ಕೇಳಲಿಲ್ಲವೆಂದು ಕೇಳಬೇಕು; ಸತ್ತವನ ಜೇಬು ಶೋಧಿಸುವುದು ಕೊನೆಗೆ.

ಬ್ರಾವೊ ನವೆಂಬರನ್ನು ಒಡೆದುಹಾಕಿರೆಂದು ನಾವು ಹೇಳುವುದಿಲ್ಲ. ಇಡಲಿ. ಚೆನ್ನಾಗಿ ದುಡಿದ ಯಂತ್ರ ನೋಡುವಂಥದೇ. ಆದರೆ ಅದರ ಮಗ್ಗುಲಿಗೆ ಇನ್ನೊಂದು ಫಲಕ ಬೇಕು. ಸುಟ್ಟ ಹಡಗಿನ ಹನ್ನೆರಡು ಜನರ ಹೆಸರು ಅದರಲ್ಲಿರಲಿ. ಹತಾರಿಲ್ಲದೆ ಯಂತ್ರ ಹಾರಿಸಿದ ಮೆಕ್ಯಾನಿಕ್ಕುಗಳ ಹೆಸರಿರಲಿ. ನೋಟೀಸು ಪಡೆದೂ ಬೆಸುಗೆ ಹಾಕಿದ ಕಟ್ಟೆಯ ಕೆಲಸಗಾರರ ಮಾತಿರಲಿ. ಮಂಜಿನ ಬೆಟ್ಟದ ಇಪ್ಪತ್ತೊಂಬತ್ತು ಹೆಸರುಗಳಿರಲಿ, ಅವುಗಳ ಕೆಳಗೆ ಹದಿನಾರು ವರ್ಷ ಇದ್ದ ಸುಳ್ಳು ಷರಾವೂ, ಅದನ್ನು ಬರೆದವರ ಹೆಸರೂ ಇರಲಿ. ಮೊಹರು ಹಾಕಿದ ಕಡತ ಬಿಚ್ಚಲಿ.

ಜಮೆಯೂ ಖರ್ಚೂ ಒಂದೇ ಪುಟದಲ್ಲಿ ಎದುರುಬದುರು ನಿಂತಾಗಲೇ ಅದು ಲೆಕ್ಕ. ಅಲ್ಲಿಯವರೆಗೆ ಅದು ಬರೀ ಜಾಹೀರಾತು.